ಕಾಲಂ 9, ಕಾಲಂ 12: ಸಬ್ಸಿಡಿ ಯಾರ ಹೆಸರಿಗೆ ಬರುತ್ತದೆ?

ಬೆಂಗಳೂರಿಗೆ ತರಕಾರಿ ತರುವ ಎಷ್ಟೋ ರೈತರಿಗೆ ಮಡಿವಾಳ ಅಂದರೆ ಮಾರ್ಕೆಟ್. ಅದೇ ಮಡಿವಾಳದಲ್ಲಿ ಹಳೆಯ ಸೋಮೇಶ್ವರ ದೇವಸ್ಥಾನವಿದೆ. ಅದರ ಗೋಡೆಯ ಮೇಲೆ ತಮಿಳು ಶಾಸನಗಳಿವೆ. 1247ರ ಒಂದು ಶಾಸನ, ಇವತ್ತಿನ ಬೇಗೂರಿನವರೊಬ್ಬರು ಭೂಮಿ ದಾನ ಕೊಟ್ಟದ್ದನ್ನು ಹೇಳುತ್ತದೆ. ಇಂಥ ಶಾಸನಗಳಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಅಂತ ಬರೆದಿರುತ್ತದೆ. ಆ ಜಮೀನನ್ನು ಉತ್ತವರ ಹೆಸರು ಸಿಗುವುದು ಅಪರೂಪ.

ಕಲ್ಲಿನ ಕಾಲ ಹೋಗಿ ಪಹಣಿಯ ಕಾಲ ಬಂದಿದೆ. ಆದರೆ ಹೆಸರಿನ ಈ ಕಥೆ ಮುಗಿದಿಲ್ಲ.

ಉಳುವವರ ಹೆಸರನ್ನು ದಾಖಲೆಗೆ ತರುವ ದೊಡ್ಡ ಪ್ರಯತ್ನ ನಡೆದದ್ದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರರು ಫಾರಂ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಅರ್ಜಿ ಗೆದ್ದವರು ಒಡೆಯರಾದರು.

ಅದೇ ಕಾನೂನು ಮುಂದೆ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೇಣಿ ನಿಂತಿತೇ? ಇಲ್ಲ, ಬಾಯಿಮಾತಿಗೆ ಇಳಿಯಿತು. ಇವತ್ತೂ ವಾರಕ್ಕೆ, ಗುತ್ತಿಗೆಗೆ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಕೈಯಲ್ಲಿ ಕಾಗದವಿಲ್ಲ.

2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ಪಹಣಿ 15 ರೂಪಾಯಿಗೆ ಸಿಗತೊಡಗಿತು. ಅದರಲ್ಲಿ 9ನೇ ಕಾಲಂ ಒಡೆತನದ ಹೆಸರು, 12ನೇ ಕಾಲಂ ಸಾಗುವಳಿ ಮತ್ತು ಬೆಳೆಯ ವಿವರ. ಉಳುವವರಿಗೂ ಒಂದು ಜಾಗ ಇದೆ ಅಂತಾಯಿತು. ಆದರೆ ಹಣ ಹರಿಯುವುದು 9ರ ದಾರಿಯಲ್ಲಿ.

2019ರ ಫೆಬ್ರವರಿಯಲ್ಲಿ ಪಿಎಂ ಕಿಸಾನ್ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಮೊದಲು 2 ಹೆಕ್ಟೇರ್‌ವರೆಗಿನವರಿಗೆ, ಆಮೇಲೆ ಜಮೀನಿರುವ ಎಲ್ಲ ರೈತ ಕುಟುಂಬಗಳಿಗೆ. ತೆರಿಗೆ ಕಟ್ಟುವವರಂಥ ಕೆಲವರನ್ನು ಬಿಟ್ಟು. ಜಮೀನು ಹೆಸರಲ್ಲಿ ಇಲ್ಲದಿದ್ದರೆ ಹತ್ತು ಎಕರೆ ಉತ್ತರೂ ಕಂತು ಬರುವುದಿಲ್ಲ. 2023ರ ಬರಕ್ಕೆ ರಾಜ್ಯ ಸರ್ಕಾರ ಮೊದಲ ಕಂತಾಗಿ 2,000 ರೂಪಾಯಿವರೆಗೆ ಕೊಟ್ಟದ್ದೂ, ಪಹಣಿಗೆ ಜೋಡಿಸಿದ ಫ್ರೂಟ್ಸ್ ನೋಂದಣಿ ನೋಡಿಯೇ.

ಗೊಬ್ಬರದ ಸಬ್ಸಿಡಿ ಬೇರೆ ದಾರಿಯದು. 45 ಕೆಜಿ ಯೂರಿಯಾ ಚೀಲ ಸುಮಾರು 266 ರೂಪಾಯಿಗೆ ಸಿಗುತ್ತದೆ. ಉಳಿದ ಖರ್ಚನ್ನು ಕೇಂದ್ರ ಸರ್ಕಾರ ಕಂಪನಿಗೆ ಕಟ್ಟುತ್ತದೆ. ಅಂಗಡಿಯಲ್ಲಿ ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತಿದವರಿಗೆ ಚೀಲ. ಹೀಗಾಗಿ ಗುತ್ತಿಗೆ ರೈತರಿಗೂ ಅದು ಮುಟ್ಟುತ್ತದೆ. ಚೀಲದ ಜೊತೆ ಬರುವ ಸಬ್ಸಿಡಿ ಉಳುವವರನ್ನು ತಲುಪುತ್ತದೆ, ಹೆಸರಿಗೆ ಬರುವ ಸಬ್ಸಿಡಿ ಒಡೆಯರನ್ನು.

ಗುತ್ತಿಗೆ ರೈತರ ಕಷ್ಟ ಕಾನೂನು ಬದಲಾಗದೆ ತೀರುವುದಿಲ್ಲ. ಆದರೆ ಸ್ವಂತ ಜಮೀನು ಇದ್ದೂ ಕಂತು ಕಳೆದುಕೊಳ್ಳುವವರೂ ಇದ್ದಾರೆ. ತೀರಿಹೋದ ಅಪ್ಪನ, ತಾತನ ಹೆಸರೇ ಪಹಣಿಯಲ್ಲಿ ಉಳಿದಿರುತ್ತದೆ. ಪಿಎಂ ಕಿಸಾನ್ ನಿಯಮದಲ್ಲಿ 2019ರ ಫೆಬ್ರವರಿ 1 ಗಡಿ ದಿನ. ಆದರೆ ಸಾವಿನಿಂದ ವಾರಸುದಾರರಿಗೆ ಬಂದ ಜಮೀನಿಗೆ ವಿನಾಯಿತಿ ಇದೆ.

ಒಮ್ಮೆ ನಿಮ್ಮ ಪಹಣಿ ತೆಗೆದು 9ನೇ ಕಾಲಂ ನೋಡಿ. ಅಲ್ಲಿರುವವರು ಈಗ ಇಲ್ಲ ಅಂದರೆ ಪೌತಿ ಖಾತೆಗೆ ನಾಡ ಕಚೇರಿಯಲ್ಲಿ ಅರ್ಜಿ ಕೊಡಿ. ಅಪ್ಪ ಹೋಗಿದ್ದರೆ, ಅಮ್ಮನ ಹೆಸರನ್ನೂ ಸೇರಿಸುವುದನ್ನು ಮರೆಯಬೇಡಿ.