ಐಷಾರಾಮಿ ಎಲೆಕ್ಟ್ರಿಕ್ ಕಾರು: ಬುಕಿಂಗ್‌ನಿಂದ ಕೀ ಕೈಗೆ ಬರುವವರೆಗೆ ಗಡಿ ಊರಿನವರು ನೋಡಿಕೊಳ್ಳಬೇಕಾದದ್ದು



ಪಡಿತರ ಚೀಟಿ, ಪಟ್ಟಾ, ಶಾಲೆಯ ವರ್ಗಾವಣೆ ಪತ್ರ ಮುಂತಾದವುಗಳ ಬಗ್ಗೆ ಈ ಪುಟದಲ್ಲಿ ಆಗಾಗ ಬರೆಯುತ್ತಿದ್ದೇವೆ. ಈ ಸಲದ ವಿಷಯ ನೋಡಿ ಕೆಲವರು ನಗಬಹುದು. ಅರ್ಧ ಕೋಟಿಯ ಕಾರಿಗೂ ನಮ್ಮ ಸಂಘಕ್ಕೂ ಏನು ಸಂಬಂಧ ಎನ್ನಬಹುದು. ಆದರೆ ಸೂಳಗಿರಿ, ಬೇರಿಕೆ, ಬಾಗಲೂರು ಕಡೆ ಗುಲಾಬಿ ಬೆಳೆದು ಮೇಲೆ ಬಂದ ಮನೆಗಳಿವೆ, ಜಮೀನು ಮಾರಿದ ಹಣ ಬ್ಯಾಂಕಿನಲ್ಲಿಟ್ಟಿರುವ ಮನೆಗಳಿವೆ, ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ಮಕ್ಕಳಿದ್ದಾರೆ. ಈ ಒಂದು ವರ್ಷದಲ್ಲಿ ಇಂಥ ಕಾರಿನ ಕಾಗದ ಹಿಡಿದು ನಮ್ಮ ಕಚೇರಿಗೆ ಬಂದವರು ಒಬ್ಬಿಬ್ಬರಲ್ಲ. ಹಿರಿಯರು ಕನ್ನಡ ಶಾಲೆಯಲ್ಲಿ ಓದಿದವರು, ಬುಕಿಂಗ್ ಫಾರಂ ಇಂಗ್ಲಿಷಿನಲ್ಲಿ, ವಿದ್ಯುತ್ ಕಚೇರಿಯ ಅರ್ಜಿ ತಮಿಳಿನಲ್ಲಿ. ಆದ್ದರಿಂದ ಈ ಲೇಖನ.

ಒಂದು ಮನೆಯ ಅನುಭವ

ಸೂಳಗಿರಿ ಹತ್ತಿರದ ನಮ್ಮ ಸದಸ್ಯರೊಬ್ಬರು ಹೂವಿನ ತೋಟದವರು. ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾನೆ. ಒಂದು ಎಕರೆ ಮಾರಿದ ದುಡ್ಡಿನಲ್ಲಿ ಕಾರು ತೆಗೆದುಕೊಳ್ಳೋಣ ಎಂದು ಬೆಂಗಳೂರಿನ ಒಂದು ಷೋರೂಮಿನಲ್ಲಿ ಮುಂಗಡ ಕಟ್ಟಿದರು. ಮುಹೂರ್ತ ಗೊತ್ತಾಯಿತು, ನೆಂಟರಿಗೂ ಹೇಳಿದ್ದಾಯಿತು. ಎರಡು ದಿನ ಮುಂಚೆ ‘ಸಾರ್, ಇದನ್ನೊಂದು ಸಾರಿ ನೋಡಿಬಿಡಿ’ ಎಂದು ಫೈಲು ತಂದರು.

ಕಾರು ನಿಲ್ಲುವುದು, ಓಡುವುದು ಸೂಳಗಿರಿಯಲ್ಲಿ, ಹಣ ತಂದೆಯದು. ಫಾರಂನಲ್ಲಿ ಇದ್ದದ್ದು ಮಾತ್ರ ಮಗನ ಹೆಸರು ಮತ್ತು ಅವನ ಬಾಡಿಗೆ ಮನೆಯ ವಿಳಾಸ. ಹೀಗಾಗಿ ಬಿಲ್ಲಿನಲ್ಲಿ ಕರ್ನಾಟಕದ ಆಜೀವ ತೆರಿಗೆ ಸುಮಾರು 5 ಲಕ್ಷ ಸೇರಿತ್ತು. ಅದು ಕಟ್ಟಿದ್ದರೆ ವರ್ಷ ಕಳೆದ ಮೇಲೆ ತಮಿಳುನಾಡಿನಲ್ಲಿ ಮರು ನೋಂದಣಿ, ಅಲ್ಲಿಂದ ನಿರಾಕ್ಷೇಪಣಾ ಪತ್ರ, ತೆರಿಗೆ ವಾಪಸಿಗೆ ಅರ್ಜಿ ಎಂದು ಅಲೆದಾಟ ತಪ್ಪುತ್ತಿರಲಿಲ್ಲ. ‘ಈ ಶುಕ್ರವಾರ ಬೇಡಿ, ಫಾರಂ ಬದಲಾಯಿಸಿ’ ಎಂದೆವು. ಮಗನಿಗೆ ಬೇಸರವಾಯಿತು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಹೂರ್ತ ಇನ್ನೊಂದು ಸಿಗುತ್ತೆ ಬಿಡಪ್ಪ, ಆ ಎಕರೆ ಇನ್ನೊಂದು ಸಾರಿ ಬರಲ್ಲ’ ಎಂದರು. ಕಾಗದ ಸರಿಪಡಿಸಲು ಐದು ವಾರ ಹಿಡಿಯಿತು, ಮುಂಗಡದಲ್ಲಿ ಒಂದಿಷ್ಟು ಕೈಬಿಟ್ಟಿತು. ಉಳಿದದ್ದು ಅದಕ್ಕಿಂತ ಬಹಳ ಹೆಚ್ಚು.

ಈ ಲೇಖನದ ಸಾರ ಇಷ್ಟೇ: ಬಣ್ಣ, ಸೀಟು, ಸಂಗೀತ ಆಮೇಲೆ ನೋಡಬಹುದು. ಕಾರು ಯಾವ ರಾಜ್ಯದ ನಂಬರಿನಲ್ಲಿ, ಯಾರ ಹೆಸರಿನಲ್ಲಿ, ಯಾವ ಮೀಟರಿನ ಕರೆಂಟಿನಲ್ಲಿ ಓಡುತ್ತದೆ ಎಂಬ ಮೂರನ್ನು ಮುಂಗಡ ಕಟ್ಟುವ ಮೊದಲೇ ತೀರ್ಮಾನಿಸಿ.

ಮಾರುಕಟ್ಟೆಯಲ್ಲಿ ಏನಿದೆ

ಬ್ಯಾಟರಿ ಕಾರು ನಮ್ಮ ಕಡೆಗೆ ಹೊಸದಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು 2001ರಲ್ಲೇ ರಸ್ತೆಗಿಳಿದಿತ್ತು. ಈಗ ಹೊಸೂರಿನಲ್ಲಿ ಟಿವಿಎಸ್ ಮತ್ತು ಏಥರ್, ಕೃಷ್ಣಗಿರಿ ಜಿಲ್ಲೆಯಲ್ಲಿ ಓಲಾ, ನಮ್ಮ ಸೂಳಗಿರಿಯಲ್ಲೇ ಸಿಂಪಲ್ ಎನರ್ಜಿ ಎಲೆಕ್ಟ್ರಿಕ್ ಸ್ಕೂಟರ್ ಮಾಡುತ್ತಿವೆ.

ದುಬಾರಿ ಕಾರುಗಳ ಪೈಕಿ ಮರ್ಸಿಡಿಸ್ ಇಕ್ಯೂಸಿ 2020ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂತು. ಅದು ಪೂರ್ತಿ ಆಮದು. 2022ರಲ್ಲಿ ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಮರ್ಸಿಡಿಸ್ ಇಕ್ಯೂಎಸ್ 580 ಪುಣೆಯ ಚಾಕಣದಲ್ಲಿ ಜೋಡಣೆಯಾಗತೊಡಗಿದವು. ಬಿಎಂಡಬ್ಲ್ಯು ಐಎಕ್ಸ್1 ಉದ್ದ ಮಾದರಿ ಚೆನ್ನೈ ಕಾರ್ಖಾನೆಯಿಂದ 2025ರ ಜನವರಿಯಲ್ಲಿ 49 ಲಕ್ಷ ರೂ. ಷೋರೂಮ್ ಬೆಲೆಗೆ ಬಂತು. ಟೆಸ್ಲಾ ಮಾಡೆಲ್ ವೈ 2025ರ ಜುಲೈನಲ್ಲಿ ಮುಂಬಯಿಯಲ್ಲಿ 59.89 ಲಕ್ಷಕ್ಕೆ ಮಾರಾಟಕ್ಕೆ ಬಂದದ್ದು ಆಮದು ಕಾರು. ಇಲ್ಲೇ ಜೋಡಿಸಿದ್ದಕ್ಕೂ ಹೊರಗಿನಿಂದ ತಂದದ್ದಕ್ಕೂ ಸುಂಕದ ವ್ಯತ್ಯಾಸ ಇರುವುದರಿಂದ ಬೆಲೆ ಹೋಲಿಸುವಾಗ ಇದನ್ನು ಕೇಳಿಕೊಳ್ಳಿ.

ನೋಂದಣಿ: ತಮಿಳುನಾಡೋ, ಕರ್ನಾಟಕವೋ

ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕರ ವಾಸ ಅಥವಾ ವ್ಯವಹಾರದ ಸ್ಥಳ ಎಲ್ಲಿದೆಯೋ, ವಾಹನ ಸಾಮಾನ್ಯವಾಗಿ ಎಲ್ಲಿ ಇರುತ್ತದೆಯೋ ಆ ರಾಜ್ಯದಲ್ಲಿ ನೋಂದಣಿ. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿಯ ಹೊಸ ನಂಬರು ಪಡೆಯಬೇಕು.

ತೆರಿಗೆ ವಿಷಯ ಹೀಗಿದೆ. ಕರ್ನಾಟಕ 2024ರಲ್ಲಿ ಕಾನೂನು ತಿದ್ದಿ 25 ಲಕ್ಷ ರೂ. ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10 ಆಜೀವ ತೆರಿಗೆ ಹಾಕಿತು. ತಮಿಳುನಾಡು ಬ್ಯಾಟರಿ ವಾಹನಗಳಿಗೆ 2025ರ ಡಿಸೆಂಬರ್ 31ರವರೆಗೆ ಪೂರ್ತಿ ತೆರಿಗೆ ವಿನಾಯಿತಿ ಕೊಟ್ಟಿತ್ತು. ಇಂಥ ವಿನಾಯಿತಿಗಳಿಗೆ ಅವಧಿ ಇರುತ್ತದೆ, ಮಧ್ಯೆ ಬದಲಾಗುತ್ತವೆ. ನೋಂದಣಿಯ ದಿನ ಜಾರಿಯಲ್ಲಿರುವ ಆದೇಶವೇ ಲೆಕ್ಕಕ್ಕೆ ಬರುವುದರಿಂದ, ಬುಕ್ ಮಾಡುವ ವಾರ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆದೇಶದ ಪ್ರತಿ ತೆಗೆದುಕೊಳ್ಳಿ. ಷೋರೂಮಿನವರ ಬಾಯಿಮಾತು ಸಾಲದು.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ತೆರಿಗೆ ಉಳಿಯುತ್ತದೆಂದು ಬೆಂಗಳೂರಿನಲ್ಲಿ ಓಡುವ ಕಾರಿಗೆ ಊರಿನ ವಿಳಾಸ ಕೊಡುವುದು ಸರಿಯಲ್ಲ. ವರ್ಷ ಮೀರಿದ ಮೇಲೆ ಅಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಜೊತೆ ದಂಡವೂ ಬೀಳುತ್ತದೆ. ಕಾರು ನಿಜವಾಗಿ ಇರುವ ಕಡೆಯ ನಂಬರು ಇರಲಿ. ಹೊಸೂರಿನದು ಟಿಎನ್ 70, ಕೃಷ್ಣಗಿರಿಯದು ಟಿಎನ್ 24. ಮಗನ ಬೆಂಗಳೂರಿನ ಮನೆಯಲ್ಲೇ ಕಾರು ಇರುವುದಾದರೆ ಕೆಎ ನಂಬರೇ ಸರಿ, ಆ ತೆರಿಗೆಯನ್ನೂ ಲೆಕ್ಕದಲ್ಲಿ ಸೇರಿಸಿ ಹಣ ಹೊಂದಿಸಿ.

ಎಲ್ಲಿ ಬುಕ್ ಮಾಡಬೇಕು

ಹೊಸ ಕಾರು ಷೋರೂಮ್ ಇರುವ ರಾಜ್ಯದಲ್ಲೇ ನೋಂದಣಿಯಾಗುವುದಾದರೆ ಅರ್ಜಿ ಹಾಕುವ ಹೊಣೆ ಷೋರೂಮಿನದು, ನಂಬರ್ ಪ್ಲೇಟ್ ಹಾಕದೆ ಕಾರು ಕೊಡುವಂತಿಲ್ಲ. ಬೆಂಗಳೂರಿನಲ್ಲಿ ಕೊಂಡು ಹೊಸೂರಿನಲ್ಲಿ ನೋಂದಣಿ ಮಾಡಿಸುವುದಾದರೆ ತಾತ್ಕಾಲಿಕ ನಂಬರಿನಲ್ಲಿ ಅತ್ತಿಬೆಲೆ ದಾಟಿ ತಂದು, ಅದರ ಅವಧಿಯೊಳಗೆ ಉಳಿದ ಕೆಲಸ ನಾವೇ ಮಾಡಿಸಬೇಕು. ಎಲ್ಲ ಷೋರೂಮಿನವರೇ ನೋಡಿಕೊಳ್ಳುತ್ತಾರೆ ಎಂದು ಮೊದಲು ನಾವೂ ತಿಳಿದಿದ್ದೆವು. ಇಷ್ಟು ವರ್ಷ ಫೈಲಿನ ಮಧ್ಯೆ ಕೂತಿದ್ದರೂ ಈ ನಿಯಮ ಗೊತ್ತಾದದ್ದು ಮೇಲಿನ ಸದಸ್ಯರ ಕೆಲಸದಲ್ಲಿ.

ಚೆನ್ನೈ ಅಥವಾ ಕೊಯಮತ್ತೂರಿನ ಷೋರೂಮಿನಲ್ಲಿ ಕೊಂಡರೆ ನೋಂದಣಿ ಸುಲಭ, ಆದರೆ ಕಾರು ತರುವುದು ದೂರ. ಬೆಂಗಳೂರು ಹತ್ತಿರ, ಮುಂದೆ ಸರ್ವಿಸಿಗೂ ಅನುಕೂಲ, ಆದರೆ ಕಾಗದದ ಓಡಾಟ ಹೆಚ್ಚು. ಒಂದು ಕಡೆ ಕೊಂಡು ಇನ್ನೊಂದು ಕಡೆ ಸರ್ವಿಸ್ ಮಾಡಿಸಬಹುದೇ, ವಾರಂಟಿ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಬುಕಿಂಗ್ ಫಾರಂನಲ್ಲಿ ಇವು ಇರಲೇಬೇಕು: ನೋಂದಣಿಯ ಹೆಸರು ಮತ್ತು ವಿಳಾಸ, ಮಾದರಿ ಮತ್ತು ಬಣ್ಣ, ಅಂದಾಜು ಡೆಲಿವರಿ ತಿಂಗಳು, ಬೆಲೆ ಏರಿದರೆ ಯಾರ ಪಾಲು, ರದ್ದು ಮಾಡಿದರೆ ಮುಂಗಡದಲ್ಲಿ ಎಷ್ಟು ವಾಪಸು. ಸಾಲ, ವಿಮೆ, ಬಿಲ್ಲು, ಆಧಾರ್ ನಾಲ್ಕರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ನಮ್ಮ ಕಡೆ ತಮಿಳು ರೀತಿಯ ಇನಿಷಿಯಲ್ ಒಂದರಲ್ಲಿ, ಕನ್ನಡ ರೀತಿಯ ಪೂರ್ತಿ ಹೆಸರು ಇನ್ನೊಂದರಲ್ಲಿ ಇರುವುದು ಸಾಮಾನ್ಯ. ಅದನ್ನು ಮೊದಲೇ ಸರಿಪಡಿಸಿಕೊಳ್ಳಿ.

ಹಣದ ಲೆಕ್ಕ

49 ಲಕ್ಷದ ಕಾರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

1. ಜಿಎಸ್‌ಟಿ: ಎಲೆಕ್ಟ್ರಿಕ್ ವಾಹನಕ್ಕೆ 2019ರ ಆಗಸ್ಟ್‌ನಿಂದ ಶೇ. 5. ಷೋರೂಮ್ ಬೆಲೆಯಲ್ಲೇ ಸೇರಿರುತ್ತದೆ. ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40 ಇದೆ.

2. ಮೂಲದಲ್ಲಿ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್: 10 ಲಕ್ಷ ಮೀರಿದ ವಾಹನಕ್ಕೆ ಶೇ. 1, ಇಲ್ಲಿ 49,000 ರೂ. ಇದು ಖರ್ಚಲ್ಲ, ನಮ್ಮ ಪ್ಯಾನ್ ಖಾತೆಗೆ ಜಮೆಯಾಗುವ ಹಣ. ಕೃಷಿ ಆದಾಯ ಮಾತ್ರ ಇರುವವರು ರಿಟರ್ನ್ ಸಲ್ಲಿಸುವ ಅಭ್ಯಾಸವಿಲ್ಲದೆ ಇದನ್ನು ಬಿಟ್ಟುಬಿಡುತ್ತಾರೆ. ಆ ವರ್ಷ ರಿಟರ್ನ್ ಸಲ್ಲಿಸಿ ವಾಪಸು ಪಡೆಯಿರಿ.

3. ನೋಂದಣಿ ಶುಲ್ಕ: 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ವಾಹನಗಳಿಗೆ ಇದನ್ನು ಬಿಟ್ಟುಕೊಟ್ಟಿದೆ. ಬಿಲ್ಲಿನಲ್ಲಿ ಇದ್ದರೆ ಪ್ರಶ್ನಿಸಿ.

4. ವಿಮೆ: ಹೊಸ ಕಾರಿಗೆ 3 ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆಯನ್ನು ಬೇರೆ ಕಡೆ ವಿಚಾರಿಸಿ ಕೊಳ್ಳುವ ಹಕ್ಕು ನಿಮಗಿದೆ. ಬ್ಯಾಟರಿಗೆ ನೀರು ಹೊಕ್ಕರೆ, ಚಾರ್ಜರ್ ಸುಟ್ಟರೆ ಪರಿಹಾರ ಉಂಟೇ ಎಂದು ಕೇಳಿ.

5. ನಗದು: 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಯಾರೂ ಪಡೆಯುವಂತಿಲ್ಲ. ಹೂವಿನ ಮಂಡಿಯ ಹಣವಾದರೂ ಬ್ಯಾಂಕಿನ ಮೂಲಕವೇ ಹೋಗಲಿ. ಹಣ ಕಳಿಸುವ ಖಾತೆ ಕಂಪನಿಯದೋ ಷೋರೂಮಿನದೋ ನೋಡಿ. ಮಾರಾಟಗಾರ ಹುಡುಗನ ಸ್ವಂತ ಖಾತೆಗೆ ಒಂದು ರೂಪಾಯಿಯೂ ಬೇಡ.

ಮನೆಯ ಕರೆಂಟು

ಕಾರು ಬರುವ ಮೊದಲೇ ಚಾರ್ಜರ್ ಕೂರಬೇಕು. ಸಾಮಾನ್ಯವಾಗಿ ಸಿಂಗಲ್ ಫೇಸ್‌ಗೆ 7.4 ಕಿಲೋವಾಟ್, ತ್ರೀ ಫೇಸ್‌ಗೆ 11 ಕಿಲೋವಾಟ್ ಚಾರ್ಜರ್ ಕೊಡುತ್ತಾರೆ. ಮೇಲೆ ಹೇಳಿದ ಐಎಕ್ಸ್1 ಬ್ಯಾಟರಿ 66.4 ಕಿಲೋವಾಟ್-ಅವರ್. 11ರಲ್ಲಿ ಆರೇಳು ಗಂಟೆ, 7.4ರಲ್ಲಿ ಹತ್ತು ಗಂಟೆ. 15 ಆಂಪ್ ಪ್ಲಗ್ಗಿನಲ್ಲಿ ಒಂದು ಹಗಲು ಒಂದು ರಾತ್ರಿ ಹಿಡಿದೀತು.

ಹಳೆಯ ಮನೆಗಳ ಮಂಜೂರಾದ ಲೋಡ್ ಇದಕ್ಕೆ ಸಾಲದು. ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಏರಿಸಿ, ಬೇರೆ ವೈರು, ಬೇರೆ ಅರ್ಥಿಂಗ್ ಹಾಕಿಸಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ, ಯೂನಿಟ್‌ಗೆ 6 ಕಿ.ಮೀ. ಎಂದುಕೊಂಡರೂ, ಸುಮಾರು 170 ಯೂನಿಟ್ ಬೇಕು. ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ರೀಡಿಂಗ್ ಆದ್ದರಿಂದ ಬಿಲ್ಲಿನಲ್ಲಿ 340 ಯೂನಿಟ್ ಜಾಸ್ತಿ. ಯೂನಿಟ್ ಏರಿದಂತೆ ದರವೂ ಏರುತ್ತದೆ. ಪ್ರತ್ಯೇಕ ಮೀಟರ್ ಲಾಭವೇ ಎಂದು ಹೋಲಿಸಿ ನೋಡಿ.

ತೋಟದ ಪಂಪ್‌ಸೆಟ್‌ನ ಉಚಿತ ಕರೆಂಟಿನಿಂದ ಕಾರು ಚಾರ್ಜ್ ಮಾಡಬೇಡಿ. ಅದು ಬೇಸಾಯಕ್ಕೆ ಕೊಟ್ಟದ್ದು. ಒಂದು ಕಾರಿನ ಆಸೆಗೆ ತೋಟದ ಸಂಪರ್ಕಕ್ಕೇ ಕುತ್ತು ತಂದುಕೊಳ್ಳಬಾರದು. ದುರಸ್ತಿಗೆಂದು ಹಗಲೆಲ್ಲ ಕರೆಂಟ್ ನಿಲ್ಲಿಸುವ ದಿನದ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಕೊಳ್ಳಿ.

ಕಂಪನಿ ಹೇಳುವ ದೂರ ಪರೀಕ್ಷಾ ಕೇಂದ್ರದ್ದು. ಐಎಕ್ಸ್1ಗೆ 531 ಕಿ.ಮೀ. ಎಂದಿದ್ದರೆ, ಎಸಿ ಹಾಕಿ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಕಾಲು ಭಾಗ ಕಳೆದು ಲೆಕ್ಕ ಹಾಕಿ. ಸೂಳಗಿರಿಯಿಂದ ಬೆಂಗಳೂರಿಗೆ ಹೋಗಿ ಬರಲು 150 ಕಿ.ಮೀ. ಒಳಗೆ, ಚಿಂತೆಯಿಲ್ಲ. ಚೆನ್ನೈಗೆ ಒಂದು ಕಡೆಗೇ ಸುಮಾರು 280 ಕಿ.ಮೀ., ಅಲ್ಲಿ ಚಾರ್ಜ್ ಎಲ್ಲಿ ಎಂದು ಮೊದಲೇ ನೋಡಿಕೊಂಡು ಹೊರಡಿ.

ಡೆಲಿವರಿಯ ದಿನ

ಷೋರೂಮಿನಲ್ಲಿ ಹಾರ, ಕೇಕು, ಫೋಟೋ ಎಂದು ಗಡಿಬಿಡಿ ಮಾಡುತ್ತಾರೆ. ಸಾಧ್ಯವಾದರೆ ಹಿಂದಿನ ದಿನವೇ, ಹಗಲು ಬೆಳಕಿನಲ್ಲಿ ಹೋಗಿ ಕಾರು ನೋಡಿ. ಸಹಿ ಹಾಕುವ ಮೊದಲು:

– ಚಾಸಿ ನಂಬರ್ ಮತ್ತು ಮೋಟಾರ್ ನಂಬರ್ ಕಾರಿನ ಮೇಲೆ, ಬಿಲ್ಲಿನಲ್ಲಿ, ವಿಮೆಯಲ್ಲಿ, ಫಾರಂ 21ರಲ್ಲಿ (ಮಾರಾಟ ಪತ್ರ), ಫಾರಂ 22ರಲ್ಲಿ (ಕಾರ್ಖಾನೆಯ ಯೋಗ್ಯತಾ ಪತ್ರ) ಒಂದೇ ಇದೆಯೇ.
– ತಯಾರಾದ ತಿಂಗಳು, ವರ್ಷ ಯಾವುದು. ವರ್ಷ ತಿರುಗಿದ ಹಳೇ ದಾಸ್ತಾನಾದರೆ ಬೆಲೆ ಇಳಿಸಲು ಕೇಳಿ.
– ಎಷ್ಟು ಕಿ.ಮೀ. ಓಡಿದೆ. ಪ್ರದರ್ಶನಕ್ಕಿಟ್ಟ ಕಾರೇ.
– ಬಣ್ಣ, ಗಾಜು, ಟೈರು, ಸೀಟು. ಸ್ಟೆಪ್ನಿ ಇದೆಯೇ. ಇಂಥ ಹಲವು ಕಾರುಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಇರುತ್ತದೆ.
– ನಮ್ಮ ಎದುರಿಗೇ ಚಾರ್ಜಿಗೆ ಹಾಕಿ ತೋರಿಸಲಿ, ಮನೆ ಚಾರ್ಜರಿನ ಬಗೆಯಲ್ಲೂ ಫಾಸ್ಟ್ ಚಾರ್ಜರಿನಲ್ಲೂ.
– ಎರಡು ಕೀ, ಚಾರ್ಜಿಂಗ್ ಕೇಬಲ್, ಬ್ಯಾಟರಿ ವಾರಂಟಿ ಪತ್ರ. ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುತ್ತವೆ.
– ಮೊಬೈಲ್ ಆಪ್ ಯಾರ ಫೋನಿನಲ್ಲಿದೆ. ಮಗನ ಫೋನಿನಲ್ಲಿ ಮಾತ್ರ ಇದ್ದರೆ ಊರಲ್ಲಿರುವ ತಂದೆ ಪ್ರತಿಯೊಂದಕ್ಕೂ ಅವನಿಗೆ ಫೋನ್ ಮಾಡಬೇಕಾಗುತ್ತದೆ.

ಏನಾದರೂ ಕೊರತೆ ಕಂಡರೆ ಡೆಲಿವರಿ ಪತ್ರದಲ್ಲೇ ಬರೆದು, ಅವರ ಸಹಿ ಪಡೆದು, ಫೋಟೋ ಇಟ್ಟುಕೊಳ್ಳಿ. ‘ಆಮೇಲೆ ಮಾಡಿಕೊಡ್ತೀವಿ ಸಾರ್’ ಎಂಬ ಮಾತಿಗೆ ದಾಖಲೆ ಇರುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ನಂಬರ್ ಪ್ಲೇಟ್ ಹಸಿರು, ಸ್ವಂತ ಕಾರಿಗೆ ಬಿಳಿ ಅಕ್ಷರ. ಫಾಸ್ಟ್ಯಾಗ್ ಇದಕ್ಕೂ ಬೇಕು.

ಮನೆಗೆ ತಂದ ಮೇಲೆ

ಕಾರಿಗೆ ಸದ್ದಿಲ್ಲ, ಕಾಲಿಟ್ಟರೆ ಹಾರುತ್ತದೆ. ನಮ್ಮ ಊರ ಬೀದಿಯಲ್ಲಿ ಮಕ್ಕಳು, ದನಕರು, ಕೋಳಿ ಎಲ್ಲ ಸದ್ದು ಕೇಳಿ ಪಕ್ಕಕ್ಕೆ ಸರಿಯುವ ಅಭ್ಯಾಸದವು. ಮೊದಲ ತಿಂಗಳು ನಿಧಾನವಿರಲಿ, ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನೋಡಲಿ. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡುವಾಗಲೂ ಕಾರು ಆನ್ ಇದೆಯೋ ಆಫ್ ಇದೆಯೋ ಶಬ್ದದಿಂದ ತಿಳಿಯದು. ಪರದೆ ನೋಡಿ ಖಾತ್ರಿ ಮಾಡಿಕೊಂಡೇ ಮುಂದೆ ನಿಲ್ಲಿ.

ಮೇಲೆ ಹೇಳಿದ ಸದಸ್ಯರ ಕಾರಿಗೆ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದಲ್ಲಿ ಪೂಜೆಯಾಯಿತು. ಟಿಎನ್ 70 ನಂಬರು, ತಂದೆಯ ಹೆಸರು. ಮಗನೇ ಓಡಿಸಿಕೊಂಡು ಬಂದು ನಮ್ಮ ಕಚೇರಿಯ ಮುಂದೆ ನಿಲ್ಲಿಸಿ ಪ್ರಸಾದ ಕೊಟ್ಟು ಹೋದ.

ಯಾವುದೇ ಸದಸ್ಯರು ಇಂಥ ಕಾಗದಗಳನ್ನು ಓದಿಸಿಕೊಳ್ಳಬೇಕಿದ್ದರೆ ಸಂಘದ ಕಚೇರಿಗೆ ತನ್ನಿ. ಶುಲ್ಕವಿಲ್ಲ. ಸಹಿ ಹಾಕುವ ಮೊದಲು ತನ್ನಿ ಎಂಬುದಷ್ಟೇ ನಮ್ಮ ವಿನಂತಿ.

ಇಂತು,
ಸಂಘದ ಪರವಾಗಿ
ಕಾರ್ಯದರ್ಶಿ