ಎರಡು ಪಂಚಾಂಗ, ಒಂದು ಮದುವೆ

ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಮಗಳು ಚೆಲ್ಸಿಯಾ ಮದುವೆ 2010ರ ಜುಲೈ 31ರ ಸಂಜೆ ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್ ಎಂಬ ಊರಿನಲ್ಲಿ ನಡೆಯಿತು. ವಧು ಕ್ರೈಸ್ತಳು, ವರ ಯೆಹೂದಿ. ಒಬ್ಬ ಪಾದ್ರಿ ಮತ್ತು ಒಬ್ಬ ರಬ್ಬಿ ಸೇರಿ ಮದುವೆ ನಡೆಸಿಕೊಟ್ಟರು. ಆದರೆ ಅಂದು ಶನಿವಾರ. ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ಇನ್ನೂ ಮುಗಿದಿರಲಿಲ್ಲ. ಅಂತರಧರ್ಮೀಯ ವಿವಾಹವನ್ನು ಒಪ್ಪುವ ಕೆಲವು ರಬ್ಬಿಗಳೂ ಈ ವೇಳೆಯನ್ನು ಒಪ್ಪಲಿಲ್ಲ.

ಒಂದು ಸಂಜೆಗಾಗಿ ಇಷ್ಟೇಕೆ ತಕರಾರು? ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಸಬ್ಬತ್. ಆಗ ಬರವಣಿಗೆ, ವ್ಯವಹಾರ ಕೂಡದು. ಯೆಹೂದ್ಯರಲ್ಲಿ ಮದುವೆಯೆಂದರೆ ಒಂದು ಕರಾರೂ ಹೌದು. 'ಕೆತುಬಾ' ಎಂಬ ಪತ್ರಕ್ಕೆ ಸಾಕ್ಷಿಗಳು ಸಹಿ ಹಾಕಬೇಕು. ಹೀಗಾಗಿ ಅಂದು ಮದುವೆಯಿಲ್ಲ. ಅಮೆರಿಕದ ಕ್ರೈಸ್ತರಿಗಾದರೋ ರಜೆಯ ಶನಿವಾರವೇ ಮದುವೆಗೆ ಮೆಚ್ಚಿನ ದಿನ. ಜುಲೈ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟು ದಾಟಿದ ಮೇಲೆ.

ವಾರದ ತೊಡಕು ಹೀಗಾದರೆ, ವರ್ಷದ ತೊಡಕು ಇನ್ನೂ ದೊಡ್ಡದು. ಪಾಸ್ಕ ಹಬ್ಬದಿಂದ ಶಾವುವೋತ್‌ವರೆಗಿನ ಏಳು ವಾರಗಳ ಬಹುಭಾಗದಲ್ಲಿ ಸಂಪ್ರದಾಯಸ್ಥ ಯೆಹೂದ್ಯರು ಮದುವೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಜೆರುಸಲೇಮಿನ ದೇವಾಲಯದ ನಾಶವನ್ನು ನೆನೆದು ಶೋಕಿಸುವ ಮೂರು ವಾರಗಳೂ ವರ್ಜ್ಯ. ಕ್ರೈಸ್ತರಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಸಂಭ್ರಮಕ್ಕೆ ಸಲ್ಲದವು. ಈ ಅವಧಿಗಳಲ್ಲಿ ವೈಭವದ ಮದುವೆ ಕೂಡದೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ಕ್ಯಾಥೊಲಿಕರಿಗೆ ಕಟ್ಟುನಿಟ್ಟು ಮಾಡಿತ್ತು. ಆ ನಿಯಮ ಇಂದು ಸಡಿಲವಾಗಿದೆ. ಎರಡೂ ಕಡೆಯವರು ಬೇಡವೆನ್ನುವ ದಿನಗಳನ್ನು ಕಳೆದರೆ ವಸಂತ ಕಾಲದಲ್ಲಿ ಉಳಿಯುವುದು ಬಹಳ ಕಡಿಮೆ.

ಈ ಎರಡು ಪಂಚಾಂಗಗಳು ಬೇರೆಯಾದದ್ದು ತಾವಾಗಿಯೇ ಅಲ್ಲ. ಯೆಹೂದ್ಯರದು ಚಾಂದ್ರಮಾನ, ಋತು ತಪ್ಪದಂತೆ 19 ವರ್ಷಗಳಲ್ಲಿ ಏಳು ಬಾರಿ ಅಧಿಕ ಮಾಸ ಸೇರಿಸುತ್ತಾರೆ. ಆದಿಯಲ್ಲಿ ಅನೇಕ ಕ್ರೈಸ್ತರು ಪಾಸ್ಕ ಹಬ್ಬವನ್ನು ನೋಡಿಕೊಂಡೇ ಈಸ್ಟರ್ ಗೊತ್ತುಮಾಡುತ್ತಿದ್ದರು. 325ರ ನೈಸಿಯಾ ಮಹಾಸಭೆ ಯೆಹೂದ್ಯರ ಲೆಕ್ಕವನ್ನು ಅವಲಂಬಿಸದೆ ಎಲ್ಲರೂ ಒಂದೇ ಭಾನುವಾರ ಈಸ್ಟರ್ ಆಚರಿಸಬೇಕೆಂದು ತೀರ್ಮಾನಿಸಿತು. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂದರೆ, ಪಾಸ್ಕ ಹಬ್ಬ ಆರಂಭವಾದದ್ದು ಏಪ್ರಿಲ್ 22ರ ಸಂಜೆ.

ಹಬ್ಬಗಳ ಬೆನ್ನಿಗೇ ಜನರನ್ನೂ ಬೇರ್ಪಡಿಸಲಾಯಿತು. 388ರ ರೋಮನ್ ಕಾನೂನು ಯೆಹೂದಿ–ಕ್ರೈಸ್ತ ವಿವಾಹವನ್ನು ವ್ಯಭಿಚಾರವೆಂದೇ ಎಣಿಸಿತು. ನೆಪೋಲಿಯನ್ ಕರೆಸಿದ ಯೆಹೂದ್ಯ ಮುಖಂಡರ ಸಭೆ 1807ರಲ್ಲಿ ಇಂಥ ವಿವಾಹ ಧಾರ್ಮಿಕವಾಗಿ ಅಲ್ಲದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಸಿಂಧು ಎಂದಿತು. 1935ರಲ್ಲಿ ನಾಜಿ ಜರ್ಮನಿ ಯೆಹೂದ್ಯರು ಯೆಹೂದ್ಯರಲ್ಲದ ಜರ್ಮನರನ್ನು ಮದುವೆಯಾಗುವುದನ್ನೇ ನಿಷೇಧಿಸಿತು. ಎಷ್ಟೋ ಜೋಡಿಗಳ ಪಾಲಿಗೆ ದಿನ ಹುಡುಕುವ ಪ್ರಶ್ನೆಯೇ ಉಳಿಯಲಿಲ್ಲ.

ಇಂದಿನ ಚಿತ್ರ ಬೇರೆ. 2010ರ ನಂತರದ ದಶಕದಲ್ಲಿ ಮದುವೆಯಾದ ಅಮೆರಿಕದ ಯೆಹೂದ್ಯರಲ್ಲಿ ಶೇ 61ರಷ್ಟು ಮಂದಿಯ ಬಾಳಸಂಗಾತಿ ಯೆಹೂದಿಯಲ್ಲ ಎಂದು ಪ್ಯೂ ಸಂಸ್ಥೆಯ 2020ರ ಸಮೀಕ್ಷೆ ತಿಳಿಸಿದೆ. ಆರ್ಥೊಡಾಕ್ಸ್ ರಬ್ಬಿಗಳು ಇಂಥ ಮದುವೆ ನಡೆಸುವುದಿಲ್ಲ. ರಿಫಾರ್ಮ್ ಪಂಥದವರು ಅದನ್ನು ಪ್ರೋತ್ಸಾಹಿಸಬಾರದೆಂದು 1909ರಲ್ಲೇ ನಿರ್ಣಯಿಸಿದ್ದರೂ, ನಡೆಸುವುದನ್ನು ಆಯಾ ರಬ್ಬಿಯ ವಿವೇಚನೆಗೆ ಬಿಟ್ಟಿದ್ದಾರೆ.

ಹಾಗಾದರೆ ದಾರಿ ಯಾವುದು? ಭಾನುವಾರ ಮಧ್ಯಾಹ್ನ ಅನೇಕರಿಗೆ ಒಗ್ಗುತ್ತದೆ. ಆ ಹೊತ್ತಿಗೆ ಚರ್ಚಿನ ಬೆಳಗಿನ ಆರಾಧನೆ ಮುಗಿದಿರುತ್ತದೆ. ಯೆಹೂದ್ಯರಿಗೆ ಅದು ಮಾಮೂಲಿ ದಿನ. ಚಳಿಗಾಲದಲ್ಲಾದರೆ ಬೇಗ ಕತ್ತಲಾಗುವುದರಿಂದ ಶನಿವಾರ ರಾತ್ರಿಯೂ ಆದೀತು. ದಿನ ತಪ್ಪಿದರೆ ಬರಬೇಕಾದ ಅಜ್ಜನೋ ಸೋದರತ್ತೆಯೋ ಬಾರದೇ ಹೋಗಬಹುದು. ಆದ್ದರಿಂದಲೇ ಛತ್ರ ಗೊತ್ತುಮಾಡುವ ಮೊದಲು ಎರಡೂ ಮನೆಯ ಹಿರಿಯರು ಎರಡು ಪಂಚಾಂಗಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿಡುವುದು ಲೇಸು.