ಹಿಮಕ್ರೀಡೆಗಳೂ ಅಂಗವಿಕಲರೂ

ಶಿವರಾತ್ರಿ ಬಂದರೆ ಚಳಿಯು ಶಿವಶಿವಾ ಎಂದು ಹೊರಟುಹೋಗುವುದೆಂಬ ಮಾತು ಕಿರುಗಾವಲು, ಮಳವಳ್ಳಿ, ಮದ್ದೂರುಗಳ ಸೀಮೆಯಲ್ಲಿ ಮಕ್ಕಳಿಗೂ ತಿಳಿದದ್ದು. ಈ ಸೀಮೆಯ ಚಳಿಗಾಲವೆಂದರೆ ಮಾಗಿಯ ಮುಂಜಾವದಲ್ಲಿ ಗದ್ದೆಯ ಬದುಗಳ ಮೇಲೆ ಕೂರುವ ಇಬ್ಬನಿ, ಆಲೆಮನೆಯ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುವವರ ಗುಂಪು, ಇಷ್ಟೇ. ಕೆರೆಯ ನೀರು ಗಟ್ಟಿಯಾಗಿ ನೆಲದಂತಾಗುವುದನ್ನೂ, ಬೆಟ್ಟದ ಇಳಿಜಾರೆಲ್ಲ ಹಿಮದಿಂದ ಮುಚ್ಚಿಹೋಗುವುದನ್ನೂ ಇಲ್ಲಿನ ಬಹುಮಂದಿ ಓದಿಯೇ ತಿಳಿಯಬೇಕು. ಅಂತಹ ಹಿಮದ ಮೇಲೆ ಒಂದು ಕಾಲಿಲ್ಲದವರು, ಎರಡು ಕಾಲುಗಳೂ ಇಲ್ಲದವರು, ಕಣ್ಣು ಕಾಣದವರು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಜಾರಿ ಇಳಿಯುವ ಪಂದ್ಯಗಳುಂಟು. ಅವಕ್ಕೆ ದೇಶದೇಶಗಳಿಂದ ಸ್ಪರ್ಧಿಗಳು ಬರುವುದುಂಟು. ಈ ಪಂದ್ಯಗಳ ಚರಿತ್ರೆಯನ್ನು ಬರೆಯುವವರು ಸ್ಪರ್ಧಿಗಳ ಧೈರ್ಯವನ್ನು ಕೊಂಡಾಡುವುದು ವಾಡಿಕೆ. ಆ ಧೈರ್ಯಕ್ಕೆ ಒಂದು ಅಂಕಣವನ್ನು ಸಿದ್ಧಪಡಿಸಿಕೊಟ್ಟವರ ಕೆಲಸವು ಅಷ್ಟಾಗಿ ಪ್ರಸಿದ್ಧಿಗೆ ಬಂದಿಲ್ಲ. ಯಾರನ್ನು ಪಂದ್ಯಕ್ಕೆ ಸೇರಿಸಿಕೊಳ್ಳಬೇಕು, ಎಲ್ಲಿ ನಡೆಸಬೇಕು, ಯಾರನ್ನು ಯಾರೊಡನೆ ಹೋಲಿಸಬೇಕು ಎಂಬ ಪ್ರಶ್ನೆಗಳಿಗೆ ಅವರು ಮೆಲ್ಲಮೆಲ್ಲನೆ ಉತ್ತರ ಕಂಡುಕೊಂಡ ಬಗೆಯು ವಿಚಾರಾರ್ಹವಾದುದು.

ಅಂಗವಿಕಲರ ಕ್ರೀಡೆಗಳಿಗೆ ಎರಡನೆಯ ಮಹಾಯುದ್ಧವೇ ಮುಖ್ಯ ಕಾರಣವಾಯಿತು. ಜರ್ಮನಿಯಿಂದ 1939ರಲ್ಲಿ ಇಂಗ್ಲೆಂಡಿಗೆ ಆಶ್ರಯ ಬೇಡಿ ಬಂದ ಯೆಹೂದಿ ವೈದ್ಯ ಲುಡ್ವಿಗ್ ಗುಟ್ಮನ್ ಎಂಬವರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರ ಶುಶ್ರೂಷೆಯನ್ನು ವಹಿಸಿಕೊಂಡರು. ಅಂತಹ ರೋಗಿಗಳು ಹಾಸಿಗೆ ಹಿಡಿದು ಕೆಲವು ಕಾಲದಲ್ಲಿ ತೀರಿಹೋಗುವರೆಂಬ ಭಾವನೆಯೇ ಆಗ ಬಲವಾಗಿತ್ತು. ಗುಟ್ಮನ್ನರು ಆಟವನ್ನೇ ಚಿಕಿತ್ಸೆಯ ಒಂದು ಅಂಗವನ್ನಾಗಿ ಮಾಡಿದರು. 1948ನೆಯ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿಯಿಂದ ಬಿಲ್ವಿದ್ಯೆಯ ಸ್ಪರ್ಧೆಯನ್ನು ಆಸ್ಪತ್ರೆಯ ಆವರಣದಲ್ಲಿ ನಡೆಸಿದರು. ಈ ಬೀಜವೇ 1960ರಲ್ಲಿ ರೋಮ್ ನಗರದ ಅಂತರರಾಷ್ಟ್ರೀಯ ಕ್ರೀಡಾಕೂಟವಾಗಿ ಬೆಳೆಯಿತು. ಅದನ್ನೇ ಈಗ ಮೊದಲನೆಯ ಪ್ಯಾರಾಲಿಂಪಿಕ್ ಎಂದು ಎಣಿಸುತ್ತಾರೆ.

ಹಿಮಕ್ರೀಡೆಯ ಕವಲು ಆಸ್ಪತ್ರೆಯಿಂದ ಹೊರಟಿತೆನ್ನುವುದಕ್ಕಿಂತ ಬೆಟ್ಟದಿಂದ ಹೊರಟಿತೆನ್ನುವುದು ಸರಿ. ಆಸ್ಟ್ರಿಯ ದೇಶದ ಪರ್ವತಪ್ರಾಂತಗಳಲ್ಲಿ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಪಾದಗಳಿಗೆ ಬಿಗಿದು ಹಿಮದ ಮೇಲೆ ಜಾರುವುದು ಜನರಿಗೆ ನಡಿಗೆಯಷ್ಟೇ ಸಹಜ. ಯುದ್ಧದಿಂದ ಕಾಲು ಕಳೆದುಕೊಂಡು ಮರಳಿದವರು ಆ ಸಹಜವಾದುದನ್ನೇ ಮತ್ತೆ ಪಡೆಯಬಯಸಿದರು. ಸೆಪ್ ಟ್ಸ್ವಿಕ್‌ನಾಗೆಲ್ ಎಂಬಾತನು ಕೈಬಾಂಬಿನ ಸ್ಫೋಟದಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡಿದ್ದನು. ಕೃತಕ ಕಾಲುಗಳ ಮೇಲೆ ನಿಂತು ಸ್ಕೀಯನ್ನು ಮತ್ತೆ ಕಲಿತು, ಕಿಟ್ಸ್‌ಬ್ಯೂಹೆಲ್ ಎಂಬಲ್ಲಿ ಇತರರಿಗೆ ಅದನ್ನು ಕಲಿಸುವ ಗುರುವಾದನು. ಒಂಟಿಕಾಲಿನವರು ಊರುಗೋಲುಗಳ ತುದಿಗೆ ಗಿಡ್ಡನೆಯ ಸ್ಕೀಗಳನ್ನು ಜೋಡಿಸಿಕೊಂಡು ಸಮತೋಲವನ್ನು ಸಾಧಿಸಿದರು. 1948ನೆಯ ಫೆಬ್ರವರಿಯಲ್ಲಿ ಬಾಡ್‌ಗಾಸ್ಟೈನಿನಲ್ಲಿ 17 ಮಂದಿ ಸೇರಿ ಪಂದ್ಯವಾಡಿದರು. ಮರುವರ್ಷ ಅದೇ ದೇಶದ ಸೇಫೆಲ್ಡಿನಲ್ಲಿ ಕಿವುಡರ ಚಳಿಗಾಲದ ಅಂತರರಾಷ್ಟ್ರೀಯ ಕ್ರೀಡೆಗಳು ಮೊದಲ ಬಾರಿಗೆ ನಡೆದವು.

ಉಳಿದವರಿಗೆ ಅಂತಹ ಕೂಟವೊಂದು ಒದಗಲು ಇನ್ನೂ ಇಪ್ಪತ್ತೇಳು ವರ್ಷಗಳು ಹಿಡಿದವು. ಸ್ವೀಡನ್ನಿನ ಅರ್ನ್‌ಷೋಲ್ಡ್ಸ್‌ವಿಕ್ ಎಂಬ ಪಟ್ಟಣದಲ್ಲಿ 1976ನೆಯ ಫೆಬ್ರವರಿ 21ರಿಂದ 28ರವರೆಗೆ 16 ದೇಶಗಳ ಸುಮಾರು ಇನ್ನೂರು ಮಂದಿ ಸೇರಿದರು. ಇದೇ ಮೊದಲನೆಯ ಚಳಿಗಾಲದ ಪ್ಯಾರಾಲಿಂಪಿಕ್. ಆದರೆ ಅಲ್ಲಿ ಸ್ಪರ್ಧಿಸಲು ಅವಕಾಶವಿದ್ದದ್ದು ಅವಯವ ಕಳೆದುಕೊಂಡವರಿಗೆ ಮತ್ತು ದೃಷ್ಟಿಹೀನರಿಗೆ ಮಾತ್ರ. ಬೆನ್ನುಹುರಿಯ ಪೆಟ್ಟಿನಿಂದ ಗಾಲಿಕುರ್ಚಿ ಹಿಡಿದವರಿಗೆ, ಅಂದರೆ ಯಾರಿಗಾಗಿ ಗುಟ್ಮನ್ನರು ಮೊದಲು ಬಿಲ್ಲು ಹಿಡಿಸಿದರೋ ಅವರಿಗೆ, ಹಿಮದ ಮೇಲೆ ಸ್ಥಳವಿರಲಿಲ್ಲ. ಅವರನ್ನು ಹೊರಗಿಟ್ಟದ್ದು ದ್ವೇಷವಲ್ಲ; ಅವರು ಕುಳಿತು ಜಾರುವುದಕ್ಕೆ ತಕ್ಕ ಸಾಧನವು ಬಳಕೆಗೆ ಬಂದಿರಲಿಲ್ಲ, ಅಷ್ಟೆ. 1980ರಲ್ಲಿ ನಾರ್ವೆಯ ಗೈಲೊ ಎಂಬಲ್ಲಿ ಚಲನೆಗೆ ಸಂಬಂಧಿಸಿದ ಇತರ ವೈಕಲ್ಯಗಳುಳ್ಳವರಿಗೂ ಬಾಗಿಲು ತೆರೆಯಿತು. ಅಚ್ಚಿನಲ್ಲಿ ಎರಕ ಹೊಯ್ದ ಆಸನವನ್ನು ಸ್ಕೀಯ ಮೇಲೆ ಕೂರಿಸಿದ ಸಾಧನವು 1988ರ ಇನ್ಸ್‌ಬ್ರುಕ್ ಕೂಟದ ಹೊತ್ತಿಗೆ ಪಂದ್ಯದೊಳಗೆ ಬಂದಿತು. ನಿನ್ನೆಯವರೆಗೆ ಅಸಾಧ್ಯವೆನಿಸಿದ್ದು ಒಂದು ಆಸನ ಸಿದ್ಧವಾದೊಡನೆ ಸಾಧ್ಯವಾಯಿತು.

ಸ್ಥಳದ ಪ್ರಶ್ನೆಯೂ ಇಷ್ಟೇ ತೊಡಕಿನದು. 1988ರಲ್ಲಿ ಒಲಿಂಪಿಕ್ ಚಳಿಗಾಲದ ಕ್ರೀಡೆಗಳು ಕೆನಡದ ಕ್ಯಾಲ್ಗರಿಯಲ್ಲಿ ನಡೆದರೂ ಅಂಗವಿಕಲರ ಕೂಟವನ್ನು ಅಲ್ಲಿ ನಡೆಸಲಾಗಲಿಲ್ಲ. ಹಿಂದೆ 1984ರಲ್ಲಿ ಆತಿಥ್ಯ ನೀಡಿದ್ದ ಇನ್ಸ್‌ಬ್ರುಕ್ಕೇ ಮತ್ತೊಮ್ಮೆ ಆ ಭಾರವನ್ನು ಹೊತ್ತಿತು. ಅಂಗವಿಕಲರ ಪಂದ್ಯವು ಒಲಿಂಪಿಕ್ಕಿನ ಸೀಮೆಯಲ್ಲಿಯೇ ನಡೆದದ್ದು 1992ರಲ್ಲಿ, ಫ್ರಾನ್ಸಿನ ಟೀನ್–ಆಲ್ಬರ್ವಿಲ್‌ಗಳಲ್ಲಿ. 1989ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯು 1994ರ ಲಿಲ್ಲೆಹಾಮರ್ ಕೂಟದಿಂದ ತಾನೇ ಹೊಣೆ ಹೊತ್ತಿತು. 1998ರಲ್ಲಿ ಜಪಾನಿನ ನಗಾನೊದಲ್ಲಿ ಈ ಕ್ರೀಡೆಗಳು ಮೊದಲ ಬಾರಿಗೆ ಯುರೋಪಿನ ಹೊರಗೆ ನಡೆದವು. 2001ರಲ್ಲಿ ಎರಡು ಸಮಿತಿಗಳೂ ಒಡಂಬಡಿಕೆ ಮಾಡಿಕೊಂಡು, ಒಲಿಂಪಿಕ್ ನಡೆಸುವ ಪಟ್ಟಣವೇ ಅಂಗವಿಕಲರ ಕ್ರೀಡೆಗಳನ್ನೂ ನಡೆಸತಕ್ಕದ್ದೆಂದು ಗೊತ್ತುಮಾಡಿದುವು. ಅಲ್ಲಿಂದ ಮುಂದೆ ಇದು ಒಂದು ಊರಿನ ಔದಾರ್ಯವನ್ನು ನೆಚ್ಚಿಕೊಂಡ ಕಾರ್ಯವಾಗಿ ಉಳಿಯಲಿಲ್ಲ. 2022ರ ಬೀಜಿಂಗ್ ಕೂಟಕ್ಕೆ 46 ದೇಶಗಳಿಂದ 560ಕ್ಕೂ ಹೆಚ್ಚು ಸ್ಪರ್ಧಿಗಳು ಬಂದರು. ಅರ್ನ್‌ಷೋಲ್ಡ್ಸ್‌ವಿಕ್ಕಿನ ಐವತ್ತನೆಯ ವರ್ಷದ ಕೂಟಕ್ಕೆ ಇಟಲಿಯ ಮಿಲಾನೊ–ಕೋರ್ಟಿನಾಗಳನ್ನು ಆರಿಸಲಾಯಿತು.

ಒಂದೇ ಪಟ್ಟಣದಲ್ಲಿ ಎರಡೂ ಕೂಟಗಳು ನಡೆಯುವುದರಿಂದ ಒಂದು ತೊಂದರೆಯೂ ಹುಟ್ಟಿತು. ಒಲಿಂಪಿಕ್ ಫೆಬ್ರವರಿಯಲ್ಲಿ ಮುಗಿದ ಮೇಲೆ ಅಂಗವಿಕಲರ ಸರದಿ ಮಾರ್ಚಿಯಲ್ಲಿ. ಶಿವರಾತ್ರಿ ಕಳೆದ ಮೇಲಣ ಚಳಿಯನ್ನು ಹಿಮದ ನಾಡುಗಳಲ್ಲಿಯೂ ಪೂರ್ತಿಯಾಗಿ ನಂಬುವಂತಿಲ್ಲ. 2014ರಲ್ಲಿ ರಷ್ಯದ ಸೋಚಿಯಲ್ಲಿ ಬಿಸಿಲಿಗೆ ಹಿಮವು ಮೆತ್ತಗಾಗಿ ಅನೇಕ ಸ್ಪರ್ಧಿಗಳು ಇಳಿಜಾರಿನಲ್ಲಿ ಬಿದ್ದರು. ಒಂಟಿ ಹಲಗೆಯ ಮೇಲೆ ಕುಳಿತು ಇಳಿಯುವವನಿಗೆ ಕೆಸರಾದ ಹಿಮವು ಎಷ್ಟು ಅಪಾಯಕರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಪಂಕ್ತಿಯಲ್ಲಿ ಕುಳಿತವರಿಗೆ ಆರಿದ ಅಡಿಗೆಯನ್ನು ಬಡಿಸಿದಂತಾಗಬಾರದಾದರೆ ದಿನವನ್ನು ಗೊತ್ತುಮಾಡುವಾಗಲೇ ಯೋಚಿಸಬೇಕು.

ಇವೆಲ್ಲಕ್ಕಿಂತ ಕಠಿನವಾದುದು ನ್ಯಾಯದ ಪ್ರಶ್ನೆ. ಒಂದು ಕೈಯಿಲ್ಲದವನನ್ನೂ ಎರಡು ಕಾಲಿಲ್ಲದವನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದು ಹೇಗೆ? ವೈಕಲ್ಯಕ್ಕೊಂದು ವರ್ಗ ಮಾಡಿದರೆ ಒಂದೊಂದು ವರ್ಗದಲ್ಲಿ ಇಬ್ಬರು ಮೂವರೇ ಉಳಿದು ಪಂದ್ಯವು ನಾಮಮಾತ್ರವಾಗುವುದು. ಎಲ್ಲರನ್ನೂ ಕೂಡಿಸಿದರೆ ಅನ್ಯಾಯವಾಗುವುದು. ಈ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರವಿದು: ನಿಂತು ಸ್ಪರ್ಧಿಸುವವರು, ಕುಳಿತು ಸ್ಪರ್ಧಿಸುವವರು, ದೃಷ್ಟಿಹೀನರು ಎಂದು ಸ್ಕೀ ಪಂದ್ಯಗಳಲ್ಲಿ ಮೂರೇ ಪಂಗಡಗಳು, ಪಂಗಡದೊಳಗೆ ವೈಕಲ್ಯದ ಪ್ರಮಾಣವನ್ನು ನೋಡಿ ಗಡಿಯಾರಕ್ಕೆ ಒಂದು ಲೆಕ್ಕ. ಉದಾಹರಣೆಗೆ, ಒಬ್ಬನಿಗೆ ನೂರಕ್ಕೆ ಎಂಬತ್ತರ ಪ್ರಮಾಣವನ್ನು ಗೊತ್ತುಮಾಡಿದ್ದರೆ, ಅವನು ನೂರು ಸೆಕೆಂಡುಗಳಲ್ಲಿ ಮುಗಿಸಿದ ಓಟವನ್ನು ಎಂಬತ್ತೆಂದು ಎಣಿಸುವರು. 2006ರ ಟುರಿನ್ ಕೂಟದಿಂದ ಈ ಕ್ರಮವು ನೆಲೆಗೊಂಡಿತು. ದೃಷ್ಟಿಹೀನನ ಮುಂದೆ ಕಣ್ಣುಳ್ಳ ಮಾರ್ಗದರ್ಶಿಯೊಬ್ಬನು ಜಾರುತ್ತ ತಿರುವುಗಳನ್ನು ಕೂಗಿ ತಿಳಿಸುವನು. ಗೆದ್ದರೆ ಅವನಿಗೂ ಪದಕವುಂಟು. ಸ್ಕೀ ಓಟದ ನಡುವೆ ಗುರಿ ಹೊಡೆಯುವ ಪಂದ್ಯದಲ್ಲಿ ದೃಷ್ಟಿಹೀನರು ಗುರಿಯನ್ನು ಕಿವಿಯಿಂದ ಹಿಡಿಯುತ್ತಾರೆ. ಬಂದೂಕದ ಮೊನೆಯು ಗುರಿಯ ನಡುವನ್ನು ಸಮೀಪಿಸಿದಂತೆ ನಾದದ ಸ್ವರವು ಬದಲಾಗುತ್ತದೆ.

ನಿಯಮವು ಎಷ್ಟು ಸೂಕ್ಷ್ಮವೋ ಅದನ್ನು ವಂಚಿಸುವ ಆಸೆಯೂ ಅಷ್ಟೇ. 2000ದ ಸಿಡ್ನಿ ಕೂಟದಲ್ಲಿ ಬುದ್ಧಿವೈಕಲ್ಯವುಳ್ಳವರ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಸ್ಪೇನ್ ದೇಶದ ತಂಡವು ಗೆದ್ದಿತು. ಆ ತಂಡದ ಹನ್ನೆರಡು ಆಟಗಾರರಲ್ಲಿ ಹತ್ತು ಮಂದಿಗೆ ಯಾವ ವೈಕಲ್ಯವೂ ಇರಲಿಲ್ಲವೆಂದು ಆಮೇಲೆ ಬಯಲಾಯಿತು. ಕೆಲವರ ಮೋಸಕ್ಕೆ ದಂಡ ತೆತ್ತವರು ನಿಜವಾಗಿ ಬುದ್ಧಿವೈಕಲ್ಯವುಳ್ಳ ಎಲ್ಲ ಸ್ಪರ್ಧಿಗಳು. 2012ರವರೆಗೆ ಅವರಿಗೆ ಪ್ಯಾರಾಲಿಂಪಿಕ್ಕಿನ ಬಾಗಿಲು ಮುಚ್ಚಿತು.

ಅವರಿಗಾಗಿಯೇ ಸ್ಪೆಷಲ್ ಒಲಿಂಪಿಕ್ಸ್ ಎಂಬ ಬೇರೊಂದು ಸಂಸ್ಥೆಯು 1968ರಿಂದ ನಡೆದುಬಂದಿದೆ. ಅದರ ಚಳಿಗಾಲದ ಅಂತರರಾಷ್ಟ್ರೀಯ ಕೂಟವು 1977ರಲ್ಲಿ ಅಮೆರಿಕದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಎಂಬಲ್ಲಿ ಮೊದಲಾಯಿತು. ಮನೆಯೊಳಗಿನ ನೆಲದ ಮೇಲೆ ಆಡಬಹುದಾದ ಹಾಕಿಯನ್ನು ಇದರಲ್ಲಿ ಸೇರಿಸಿದ್ದರಿಂದ ಹಿಮವನ್ನೇ ಕಾಣದ ದೇಶಗಳಿಗೂ ಪ್ರವೇಶ ದೊರೆಯಿತು. 2022ರವರೆಗಿನ ಯಾವ ಚಳಿಗಾಲದ ಪ್ಯಾರಾಲಿಂಪಿಕ್ಕಿನಲ್ಲಿಯೂ ಭಾರತದ ಸ್ಪರ್ಧಿ ಇರಲಿಲ್ಲ. ಆದರೆ 2025ರ ಮಾರ್ಚಿಯಲ್ಲಿ ಟುರಿನ್ನಿನಲ್ಲಿ ನಡೆದ ಸ್ಪೆಷಲ್ ಒಲಿಂಪಿಕ್ಸ್ ಚಳಿಗಾಲದ ಕೂಟದಿಂದ ಭಾರತದ ತಂಡವು 33 ಪದಕಗಳೊಡನೆ ಮರಳಿತು. ಒಂದೇ ದೇಶ, ಏರ್ಪಾಡುಗಳು ಬೇರೆ, ಫಲವೂ ಬೇರೆ.

ಕನ್ನಡನಾಡಿಗೆ ಹಿಮವಿಲ್ಲದಿದ್ದರೂ ಇಂತಹ ಏರ್ಪಾಡಿನ ಅನುಭವವಿಲ್ಲದಿಲ್ಲ. ಎಳೆತನದಲ್ಲಿಯೇ ಪಾರ್ಶ್ವವಾಯುವಿಗೆ ತುತ್ತಾಗಿ ಗಾಲಿಕುರ್ಚಿಯಲ್ಲಿ ಸ್ಪರ್ಧಿಸಿದ ಬೆಂಗಳೂರಿನ ಮಾಲತಿ ಹೊಳ್ಳರಿಗೆ 2001ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಹಾಸನ ಜಿಲ್ಲೆಯ ಗಿರೀಶರು 2012ರ ಲಂಡನ್ ಪ್ಯಾರಾಲಿಂಪಿಕ್ಕಿನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿಯ ಪದಕ ಗಳಿಸಿದರು. 2009ರ ನವೆಂಬರಿನಲ್ಲಿ ಗಾಲಿಕುರ್ಚಿಯವರ ಮತ್ತು ಅವಯವಹೀನರ ಜಾಗತಿಕ ಕ್ರೀಡಾಕೂಟವು ಬೆಂಗಳೂರಿನಲ್ಲಿಯೇ ನಡೆಯಿತು.

ಅದೇ ನಗರದಲ್ಲಿ 2012ರ ಡಿಸೆಂಬರಿನ ಮಾಗಿಯ ಚಳಿಯಲ್ಲಿ ಅಂಧರ ಇಪ್ಪತ್ತು ಓವರುಗಳ ಕ್ರಿಕೆಟ್ಟಿನ ಮೊದಲನೆಯ ವಿಶ್ವಕಪ್ ಪಂದ್ಯಾವಳಿಗೆ ಒಂಬತ್ತು ದೇಶಗಳ ತಂಡಗಳು ಬಂದವು. ಹಿಮದ ನಾಡಿನವರು ಗಡಿಯಾರದಿಂದ ಸಾಧಿಸಿದ ನ್ಯಾಯವನ್ನು ಇಲ್ಲಿ ಓಟಗಳ ಎಣಿಕೆಯಿಂದ ಸಾಧಿಸಲಾಯಿತು. ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ಪೂರ್ಣ ಅಂಧರಿರಬೇಕು. ಅವರು ಹೊಡೆದ ಒಂದು ಓಟಕ್ಕೆ ಎರಡೆಂದು ಲೆಕ್ಕ. ಚೆಂಡಿನೊಳಗೆ ಗುಂಡುಗಳಿದ್ದು ಉರುಳುವಾಗ ಗಲಗಲಿಸುತ್ತದೆ. ಎಸೆಯುವವನು ಎದುರಿನವನು ಸಿದ್ಧನೋ ಎಂದು ಕೇಳಿ ಉತ್ತರ ಪಡೆದೇ ಎಸೆಯಬೇಕು. ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕರ ನಾಯಕತ್ವದಲ್ಲಿ ಭಾರತದ ತಂಡವು ಡಿಸೆಂಬರ್ 13ರ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು 29 ಓಟಗಳಿಂದ ಸೋಲಿಸಿತು.

ಆ ದಿನಗಳಲ್ಲಿಯೇ ನಡೆದ ಒಂದು ಅವಘಡವನ್ನೂ ಮರೆಯಬಾರದು. ಪಾಕಿಸ್ತಾನ ತಂಡದ ನಾಯಕನು ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಮೇಜಿನ ಮೇಲಿದ್ದ ಶುಚಿಮಾಡುವ ದ್ರವವನ್ನು ನೀರೆಂದು ಕುಡಿದು ಆಸ್ಪತ್ರೆಗೆ ಸೇರಬೇಕಾಯಿತು. ಅದೃಷ್ಟವಶಾತ್ ಚೇತರಿಸಿಕೊಂಡನು. ಅಂಕಣದಲ್ಲಿ ಚೆಂಡಿಗೆ ದನಿ ಕೊಟ್ಟಿದ್ದರು. ಊಟದ ಮೇಜಿನ ಮೇಲಣ ಸೀಸೆಗೆ ದನಿಯಿರಲಿಲ್ಲ. ಏರ್ಪಾಡೆಂಬುದು ಅಂಕಣದ ಗೆರೆಯ ಬಳಿ ಮುಗಿಯತಕ್ಕದ್ದಲ್ಲ.

ಕಿರುಗಾವಲಿನಂತಹ ಹೋಬಳಿಯ ಊರುಗಳಲ್ಲಿ ವರ್ಷವರ್ಷವೂ ಶಾಲಾಮಕ್ಕಳ ಕ್ರೀಡಾಕೂಟಗಳಾಗುತ್ತವೆ. ಕಾಲು ಸೊಟ್ಟಗಿರುವ ಹುಡುಗನಿಗೂ ಕಣ್ಣು ಮಂದವಾಗಿರುವ ಹುಡುಗಿಗೂ ಅಂತಹ ದಿನ ಸಾಮಾನ್ಯವಾಗಿ ದೊರೆಯುವ ಕೆಲಸವೆಂದರೆ ಓಡುವವರ ಚಪ್ಪಲಿಗಳನ್ನು ಕಾಯುವುದು, ಇಲ್ಲವೆ ನೆರಳಿನಲ್ಲಿ ಕುಳಿತು ಚಪ್ಪಾಳೆ ತಟ್ಟುವುದು. ಅವರಲ್ಲಿ ಆಸೆಯಿಲ್ಲವೆಂದಲ್ಲ, ಶಕ್ತಿಯಿಲ್ಲವೆಂದೂ ಅಲ್ಲ. ಅವರಿಗಾಗಿ ಗೆರೆ ಎಳೆದವರಿಲ್ಲ, ಗಡಿಯಾರದ ಲೆಕ್ಕ ಹಾಕಿದವರಿಲ್ಲ. ಬಾಡ್‌ಗಾಸ್ಟೈನಿನಲ್ಲಿ ಮೊದಲು ಸೇರಿದವರು ಹದಿನೇಳೇ ಮಂದಿ. ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಹದಿನಾರೇ ಮಂದಿ. ಒಂದು ಹೋಬಳಿಯಲ್ಲಿ ಅಷ್ಟು ಮಕ್ಕಳು ಸಿಗದೆ ಇರಲಾರರು.